ಪುಟ್ಟೇನಹಳ್ಳಿಯ ನಾಲ್ಕು ಸ್ವೆಟರು

ಗೋಪಾಲಮ್ಮನನ್ನು ಯಾರೂ ಒತ್ತಾಯ ಮಾಡಿರಲಿಲ್ಲ. ಅವಳೇ ಕೈ ಎತ್ತಿದ್ದಳು.

೧೯೬೨ರ ನವೆಂಬರ್ ಕೊನೆಯ ವಾರ. ಕದನ ನಿಂತಿದೆಯೆಂದು ರೇಡಿಯೋ ಹೇಳಿ ಕೆಲವೇ ದಿನಗಳಾಗಿದ್ದವು. ಆದರೆ ಗಡಿಗೆ ಹೋದ ಸೈನಿಕರು ಇನ್ನೂ ಅಲ್ಲೇ ಇದ್ದರು, ಅಲ್ಲಿನ ಚಳಿಯೂ ಹಾಗೇ ಇತ್ತು. ಹಳೇ ಯಲಹಂಕದ ಮಹಿಳಾ ಮಂಡಳಿಗೆ ಬೆಂಗಳೂರಿನಿಂದ ಎರಡು ಮೂಟೆ ಹಸಿರು ಉಲ್ಲನ್ ಬಂದಿತ್ತು. ಹೆಡ್‌ಮಾಸ್ತರ ಹೆಂಡತಿ ಕಮಲಾಕ್ಷಮ್ಮ ಮಂಡಳಿಯ ಕಾರ್ಯದರ್ಶಿ. ಯಾರು ಎಷ್ಟು ಸ್ವೆಟರ್ ಮಾಡಿಕೊಡುತ್ತೀರೆಂದು ಅವರು ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ಕೆಲವರು ಒಂದು ಎಂದರು, ಕೆಲವರು ಎರಡು. ಗೋಪಾಲಮ್ಮನ ಸರದಿ ಬಂದಾಗ ಹಿಂದಿನ ಬೆಂಚಿನಲ್ಲಿದ್ದ ಡಾಕ್ಟರ ಹೆಂಡತಿ ಪಕ್ಕದವರ ಕಡೆ ಬಾಗಿದರು. ದನಿಯನ್ನೇನೂ ತಗ್ಗಿಸಲಿಲ್ಲ.

"ಹಳ್ಳಿಯವರಿಗೆ ಯಾಕೆ ಕೊಡ್ತಾರೋ. ಕೋಳಿ ಕೆದರಿದ ಹಾಗಾಗುತ್ತೆ. ಉಲ್ಲನ್ ದಂಡ."

"ಪುಟ್ಟೇನಹಳ್ಳಿಗೆ ನಾಲ್ಕು ಬರ್ಕೊಳ್ಳಿ," ಎಂದಳು ಗೋಪಾಲಮ್ಮ.

ಮಂಡಳಿಗೆ ಸೇರಿದ ಹಳ್ಳಿಯ ಹೆಂಗಸು ಅವಳೊಬ್ಬಳೇ. ಸೇರಿ ಎರಡು ತಿಂಗಳಾಗಿತ್ತು. ಸ್ವೆಟರನ್ನು ಅವಳು ನೋಡಿದ್ದಳು, ಅದು ಆಗುವುದನ್ನು ನೋಡಿರಲಿಲ್ಲ. ಅವಳ ಲೆಕ್ಕ ಸರಳವಾಗಿತ್ತು: ಊರಿನಲ್ಲಿ ಕದಿರಪ್ಪನ ಮನೆಯವರು ಕಂಬಳಿ ನೇಯುತ್ತಾರೆ, ಮಗ್ಗ ಇದೆ. ಕುರಿಯ ಉಣ್ಣೆಯಲ್ಲಿ ಕಂಬಳಿ ಆಗುವುದಾದರೆ ಈ ಉಣ್ಣೆಯಲ್ಲಿ ಸ್ವೆಟರ್ ಆಗಬೇಕು.

ಮಾರನೆಯ ಬೆಳಿಗ್ಗೆ ಕದಿರಪ್ಪ ಕುರಿ ಹೊಡೆದುಕೊಂಡು, ಎಂದಿನಂತೆ ನಡೆಯುತ್ತಲೇ ಕದಿರಿನಲ್ಲಿ ಉಣ್ಣೆ ನೂಲುತ್ತ ಅವಳ ಮನೆ ಮುಂದೆ ಬಂದ. ಅವಳು ಉಲ್ಲನ್ ಚೀಲವನ್ನು ಅವನ ಮುಂದಿಟ್ಟಳು.

"ಏನವ್ವ ಇದು, ಮೊಲದ ಕೂದ್ಲಂಗೈತೆ?"

"ನಾಲ್ಕು ಸ್ವೆಟರ್ ನೇಯ್ದು ಕೊಡು, ಕದಿರಣ್ಣ. ಸಂಕ್ರಾಂತಿ ಒಳಗೆ ಕೊಟ್ರೆ ಆಯ್ತು."

ಕದಿರಪ್ಪ ನೂಲುವುದನ್ನು ನಿಲ್ಲಿಸಿ ನಕ್ಕ. ಅವನು ನಗುವುದಕ್ಕಾಗಿ ನೂಲು ನಿಲ್ಲಿಸಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. "ಮಗ್ಗದಾಗೆ ಚಪ್ಪಟೆ ಬರ್ತೈತೆ ಕಣವ್ವ. ತೋಳು ಎಲ್ಲಿಂದ ತರ್ಲಿ? ಒದ್ಕೊಳ್ಳೋಕಾದ್ರೆ ಏಳು, ಒಂದು ಒಳ್ಳೆ ಕಂಬ್ಳಿ ಮಾಡಿಕೊಡ್ತೀನಿ."

ಯಲಹಂಕದ ದರ್ಜಿ ಮನ್ಸೂರ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. "ಬಟ್ಟೆ ಕೊಡಿ ಅಮ್ಮಾ, ಏನು ಬೇಕಾದ್ರೂ ಹೊಲೀತೀನಿ. ದಾರ ಕೊಟ್ಟು ಹೊಲಿ ಅಂದ್ರೆ ಏನು ಮಾಡ್ಲಿ?"

ಆ ಸಂಜೆ ಗೋಪಾಲಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಸಿಪ್ಪೆಯನ್ನು ಮೊರದಾಚೆಗೆ ಎಸೆಯುತ್ತಿದ್ದಳು. ಅತ್ತೆ ಪಟಾಲಮ್ಮ ಒಂದೊಂದೇ ಆರಿಸಿ ಎಮ್ಮೆಯ ಬುಟ್ಟಿಗೆ ಹಾಕುತ್ತಿದ್ದಳು.

"ಯಾರ ಮ್ಯಾಲೆ ಕ್ವಾಪ?"

"ಯಾರ ಮೇಲೂ ಇಲ್ಲ."

"ಸಿಪ್ಪೆ ಮ್ಯಾಲಂತೂ ಐತೆ."

"ಅತ್ತೆಮ್ಮ, ಸುಮ್ನಿರಿ. ರಾಗಿ ಕುಯ್ಲಿಗೆ ಕೂಲಿಯವ್ರಿಗೆ ಅಡುಗೆ ನಾನೇ ಮಾಡ್ಬೇಕು, ಎಮ್ಮೆ ನಾನೇ ಕರೀಬೇಕು, ಮಕ್ಕಳು ನನ್ನ ಮೈಮೇಲೆ. ಕೂತು ಉಣ್ಣೋರಿಗೆ ಏನು ಗೊತ್ತಾಗುತ್ತೆ?"

ಕೂತು ಉಣ್ಣೋರು ಎಂದರೆ ಯಾರು ಎಂದು ಆ ಮನೆಯಲ್ಲಿ ಹೇಳಬೇಕಾಗಿರಲಿಲ್ಲ. ಮಾವ ಮುನಿನಾರಾಯಣಪ್ಪ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಅವರ ಎಡಗೈಯಲ್ಲಿ ಕೊನೆಯ ಎರಡು ಬೆರಳು ಇರಲಿಲ್ಲ, ನಡುಬೆರಳು ಮಡಿಸಲು ಬರುತ್ತಿರಲಿಲ್ಲ. ರಾಗಿ ಕುಯ್ಯಲು ಬಲಗೈಯಲ್ಲಿ ಕುಡುಗೋಲು ಹಿಡಿದರೆ ಸಾಲದು, ಎಡಗೈಯಲ್ಲಿ ಹಿಡಿ ತುಂಬ ತೆನೆ ಹಿಡಿಯಬೇಕು. ಅದಾಗದೆ ಅವರು ಎತ್ತಿಗೆ ಹುಲ್ಲು ಹಾಕುವುದು, ದ್ರಾಕ್ಷಿ ತೋಟಕ್ಕೆ ನೀರು ತಿರುಗಿಸುವುದು, ಇಷ್ಟೇ ಮಾಡುತ್ತಿದ್ದರು. ಸೊಸೆಯ ಮಾತು ಕೇಳಿಸಿತೋ ಇಲ್ಲವೋ, ಮುಖದಲ್ಲಿ ಗೊತ್ತಾಗಲಿಲ್ಲ.

ಅವರ ಮಗ, ಗೋಪಾಲಮ್ಮನ ಗಂಡ ಚನ್ನಕೇಶವ ಜಾಲಹಳ್ಳಿ ಕಡೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಸೈಕಲ್ ಒಳಗಿಟ್ಟು ಊಟಕ್ಕೆ ಕೂತಾಗ ವಿಷಯ ಹೊರಗೆ ಬಂತು.

"ವಾಪಸ್ ಕೊಟ್ಟು ಬಾ," ಎಂದ ಅವನು. "ಗೊತ್ತಿಲ್ದೆ ಒಪ್ಕೊಂಡೆ ಅಂತ ಹೇಳು. ಅದ್ರಲ್ಲೇನು?"

"ಏನು ಅಂತೀರಲ್ಲ! ಹಳ್ಳಿಯವ್ರಿಗೆ ಕೊಟ್ರೆ ದಂಡ ಅಂತ ಅವ್ರು ಮೊದ್ಲೇ ಅಂದಿದ್ದಾರೆ. ನಾಳೆ ನಾನು ಚೀಲ ಹೊತ್ಕೊಂಡು ಹೋಗಿ ಹೌದು ತಾಯಿ, ದಂಡವೇ ಅಂತ ಹೇಳ್ಬೇಕಾ? ಆಮೇಲೆ ಈ ಕಡೆಯಿಂದ ಇನ್ನೊಬ್ಬಳಿಗೆ ಆ ಮಂಡಳಿ ಮೆಟ್ಟಿಲು ಹತ್ತೋಕಾಗುತ್ತಾ?"

"ಮತ್ತೇನು ಮಾಡ್ತೀಯ?"

 ಗೋಪಾಲಮ್ಮ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುನಿನಾರಾಯಣಪ್ಪ ಉಂಡು ಮುಗಿಸಿ ಕೈ ತೊಳೆದರು. ಸೊಸೆಯೊಂದಿಗೆ ಅವರು ನೇರವಾಗಿ ಮಾತಾಡುವವರಲ್ಲ. ಅವಳೂ ಮಾವನ ಮುಂದೆ ಕೂರುವವಳಲ್ಲ. ಹೇಳಬೇಕಾದ್ದೆಲ್ಲ ಪಟಾಲಮ್ಮನ ಮೂಲಕವೇ ಹೋಗಬೇಕು. ಅವರು ಹೆಂಡತಿಯ ಕಡೆ ತಿರುಗಿ ಕೇಳಿದರು:

"ಕಡ್ಡಿ ಕೊಟ್ಟವ್ರಂತಾ?"

"ಯಾವ ಕಡ್ಡಿ?" ಎಂದಳು ಗೋಪಾಲಮ್ಮ, ನಿಯಮ ಮರೆತು.

"ಸ್ವೆಟರ್ ಕಡ್ಡಿ. ಜೋಡಿ ಇರ್ತೈತೆ."

ಚನ್ನಕೇಶವನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. "ಅಪ್ಪ, ಬೇಡ," ಎಂದ.

ಗೋಪಾಲಮ್ಮ ಮದುವೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಆ ಮನೆಯಲ್ಲಿ ತನಗೆ ಗೊತ್ತಿಲ್ಲದ ಸಂಗತಿ ಒಂದಿದೆಯೆಂದು ಅವಳಿಗೆ ಅಂದು ತಿಳಿಯಿತು.

ಹಿಂದಿನ ಮಹಾಯುದ್ಧದಲ್ಲಿ ಮುನಿನಾರಾಯಣಪ್ಪ ಸೈನ್ಯದ ಕೂಲಿ ಪಡೆಗೆ ಸೇರಿ ಅಸ್ಸಾಮಿನಲ್ಲಿ ರಸ್ತೆ ಹಾಕಲು ಹೋಗಿದ್ದರು. ಟಾರಿನ ಪೀಪಾಯಿ ಉರುಳಿ ಕೈ ಜಜ್ಜಿತು. ಬೆಂಗಳೂರು ದಂಡಿನ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದಾಗ, ಉಳಿದ ಬೆರಳುಗಳು ಸೆಡೆತುಕೊಳ್ಳಬಾರದೆಂದು ಒಬ್ಬ ನರ್ಸು ಅವರ ಕೈಗೆ ಹೆಣಿಗೆಯ ಕಡ್ಡಿ ಕೊಟ್ಟಿದ್ದಳು. ಆ ವಾರ್ಡಿನಲ್ಲಿ ಹತ್ತಾರು ಗಂಡಸರು ಹೆಣೆಯುತ್ತಿದ್ದರು, ಯಾರಿಗೂ ಅದು ವಿಚಿತ್ರವಾಗಿರಲಿಲ್ಲ. ಮುನಿನಾರಾಯಣಪ್ಪನವರಿಗೆ ಅದು ಹಿಡಿಸಿತು. ಊರಿಗೆ ಬಂದಮೇಲೂ ಬಿಡುವಾದಾಗ ಜಗಲಿಯಲ್ಲಿ ಕೂತು ಟೋಪಿ, ಕಾಲುಚೀಲ ಹೆಣೆಯುತ್ತಿದ್ದರು. ಊರು ನಕ್ಕಿತು. ಅವರಿಗೆ ಅದು ನಾಟಲಿಲ್ಲ. ಆದರೆ ಒಂದು ದಿನ ಹತ್ತು ವರ್ಷದ ಚನ್ನಕೇಶವ ಶಾಲೆಯಿಂದ ಅಳುತ್ತ ಬಂದ. ಹುಡುಗರು ಅಪ್ಪನ ಹೆಸರನ್ನು ಹೆಣ್ಣಾಗಿ ತಿರುಗಿಸಿ ಅವನನ್ನು "ನಾಣಮ್ಮನ ಮಗ" ಎಂದು ಕರೆದಿದ್ದರು. ಆ ಸಂಜೆಯೇ ಅಪ್ಪ ಕಡ್ಡಿಗಳನ್ನು ಒಲೆಗೆ ಹಾಕಿದರು. ಅದರ ಮಾತು ಮತ್ತೆ ಮನೆಯಲ್ಲಿ ಬಂದಿರಲಿಲ್ಲ.

"ಬೇಡ ಅಂದ್ರೆ ಬೇಡ," ಎಂದ ಚನ್ನಕೇಶವ. "ನಮ್ಮ ಫ್ಯಾಕ್ಟರಿಲಿ ಈ ಊರಿನವರೇ ಆರು ಜನ ಇದ್ದಾರೆ. ನಾಳೆ ಊಟದ ಹೊತ್ತಿಗೆ ಗೊತ್ತಾಗಿರುತ್ತೆ."

ಪಟಾಲಮ್ಮ ಸಾರಿನ ಸೌಟು ಕೆಳಗಿಟ್ಟಳು. "ಅವತ್ತು ನೀನು ಅಳ್ತಾ ಬಂದೆ ಅಂತ ಕಡ್ಡಿ ಬುಟ್ರು. ಇವತ್ತು ನಿನ್ನೆಂಡ್ತಿ ಅಳ್ತಾವ್ಳೆ, ಇಡೀತಾರೆ. ನಿಂದು ಮಾತ್ರ ಅಳಾ, ಅವಳ್ದು ನೀರಾ?"

"ಆ ಕೈಯಲ್ಲಿ ಆಗುತ್ತಾ ಈಗ?"

"ಅದು ಗೊತ್ತಿಲ್ಲ," ಎಂದರು ಮುನಿನಾರಾಯಣಪ್ಪ. "ನೋಡ್ಬೇಕು."

ಕೊನೆಗೆ ಒಂದು ಒಪ್ಪಂದವಾಯಿತು. ಕೆಲಸ ಹಿತ್ತಲ ಪಡಸಾಲೆಯಲ್ಲಿ ಮಾತ್ರ ನಡೆಯಬೇಕು. ಯಾರಾದರೂ ಬಂದರೆ ಕಂಬಳಿಯಡಿಗೆ ಸೇರಿಸಬೇಕು. ಕೇಳಿದವರಿಗೆ ಸೊಸೆ ಹೆಣೆಯುತ್ತಿದ್ದಾಳೆ ಎನ್ನಬೇಕು.

ಹುಡುಕಿದಾಗ ಉಲ್ಲನ್ ಚೀಲದ ತಳದಲ್ಲಿ ಮಂಡಳಿ ಇಟ್ಟಿದ್ದ ಅಲ್ಯೂಮಿನಿಯಂ ಕಡ್ಡಿ ಸಿಕ್ಕಿತು, ಆದರೆ ಅದು ಉಪಯೋಗಕ್ಕೆ ಬರಲಿಲ್ಲ. ಮುನಿನಾರಾಯಣಪ್ಪ ಎಡಗೈಯಲ್ಲಿ ಕಡ್ಡಿ ಹಿಡಿಯಲಾರರು. ಅದರ ಹಿಂತುದಿಯನ್ನು ಕಂಕುಳಲ್ಲಿ ಸಿಗಿಸಿಕೊಂಡು, ಹೆಬ್ಬೆರಳು ತೋರುಬೆರಳಲ್ಲಿ ಕುಣಿಕೆ ತಳ್ಳುವುದು ಅವರ ಕ್ರಮ. ಅದಕ್ಕೆ ಉದ್ದದ ಕಡ್ಡಿ ಬೇಕು. ತೋಟದ ಬಿದಿರು ಸೀಳಿ, ಕೆತ್ತಿ, ಹೆಂಚಿನ ಚೂರಿನಿಂದ ಉಜ್ಜಿ, ಹರಳೆಣ್ಣೆ ಹಚ್ಚಿ ಜೋಡಿ ಮಾಡಿಕೊಳ್ಳಲು ಎರಡು ದಿನ ಹಿಡಿಯಿತು. ಹೆಣಿಗೆ ಕೂಡಲೇ ಬರಲಿಲ್ಲ. ಕುಣಿಕೆ ಜಾರುತ್ತಿತ್ತು. ಹೆಣೆದದ್ದನ್ನು ಬಿಚ್ಚುತ್ತಿದ್ದರು, ಮತ್ತೆ ಹಾಕುತ್ತಿದ್ದರು, "ಸೀದಾ, ಉಲ್ಟಾ" ಎಂದು ಆಸ್ಪತ್ರೆಯ ಹಿಂದೂಸ್ತಾನಿಯಲ್ಲಿ ಗೊಣಗುತ್ತಿದ್ದರು. ನಾಲ್ಕನೆಯ ದಿನ ಗೋಪಾಲಮ್ಮ ಬಾಗಿಲ ಸಂದಿಯಿಂದ ಇಣುಕಿದಾಗ ಒಂದು ಬೆರಳಗಲದ ಹಸಿರು ಪಟ್ಟಿ ಕಡ್ಡಿಯಿಂದ ಇಳಿದಿತ್ತು.

ಅವರು ಕೂತಮೇಲೆ ಅವರ ಕೆಲಸ ಯಾರಾದರೂ ಮಾಡಬೇಕಲ್ಲ. ಎತ್ತಿನ ಹುಲ್ಲು, ತೋಟದ ನೀರು ಎರಡೂ ಗೋಪಾಲಮ್ಮನ ಪಾಲಿಗೆ ಬಂದವು. ನೀರು ತಿರುಗಿಸುವುದೆಂದರೆ ಗುದ್ದಲಿ ಹಿಡಿದು ಮೊಳಕಾಲುದ್ದ ಕೆಸರಿನಲ್ಲಿ ನಿಲ್ಲುವುದು. ಅದನ್ನು ಮಾವ ಒಂದೂವರೆ ಕೈಯಲ್ಲಿ ಮಾಡುತ್ತಿದ್ದರು ಎಂಬುದನ್ನು ಅವಳು ಅದುವರೆಗೆ ಯೋಚಿಸಿರಲಿಲ್ಲ. ಮೊದಲ ವಾರದ ಕೊನೆಗೆ ಸೊಂಟ ಹಿಡಿದುಕೊಂಡು ಒಳಗೆ ಬಂದಳು.

"ಅತ್ತೆಮ್ಮ, ಮಾವಂಗೆ ಕಾಫಿ ಕೊಟ್ರಾ?"

"ಆಗ್ಲೇ ಕುಡುದ್ರಲ್ಲ."

"ಇನ್ನೊಂದು ಲೋಟ ಕೊಡಿ. ಬೆಲ್ಲ ಸ್ವಲ್ಪ ಜಾಸ್ತಿ ಹಾಕಿ."

ಪಟಾಲಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಬೆಲ್ಲದ ಡಬ್ಬಿ ತೆಗೆದಳು.

ಅಳತೆಯ ಕೆಲಸ ಪಟಾಲಮ್ಮನದು. ಎದೆಯ ಸುತ್ತ ನಲವತ್ತು ಇಂಚು ಇರಬೇಕೆಂದು ಮಂಡಳಿ ಹೇಳಿತ್ತು. ಒಂದು ಗೇಣು ಎಂದರೆ ಒಂಬತ್ತಿಂಚು, ಅದು ಎಲ್ಲರಿಗೂ ಗೊತ್ತು. ಹಾಗಾದರೆ ನಾಲ್ಕೂವರೆ ಗೇಣು. ಮುನಿನಾರಾಯಣಪ್ಪನ ಎರಡೂ ಕೈ ಹೆಣಿಗೆಯಲ್ಲಿ ಇದ್ದುದರಿಂದ ಪಟಾಲಮ್ಮ ತನ್ನ ಕೈ ಚಾಚಿ ಗೇಣು ಹಾಕುತ್ತಿದ್ದಳು. ಡಿಸೆಂಬರ್ ಎರಡನೆಯ ವಾರ ಮುಂಭಾಗ, ಹಿಂಭಾಗ ಮುಗಿದು ಹೊಲಿದದ್ದಾಯಿತು. ಒಂದು ಭಾನುವಾರ ಚನ್ನಕೇಶವನನ್ನು ಕರೆದು ತೊಟ್ಟು ನೋಡೆಂದರು.

"ನಾನ್ಯಾಕೆ?"

"ಸಿಪಾಯಿ ಅಂತ ತಿಳ್ಕೊ," ಎಂದಳು ಪಟಾಲಮ್ಮ. "ಕೈ ಮ್ಯಾಲೆತ್ತು."

ತಲೆ ತೂರಿತು. ಭುಜ ತೂರಲಿಲ್ಲ. ಎರಡು ಕೈಯೂ ಮೇಲೆತ್ತಿದ ಹಾಗೆಯೇ ಸಿಕ್ಕಿಕೊಂಡವು. ಚನ್ನಕೇಶವ ಪಡಸಾಲೆಯಲ್ಲಿ ಒಂದು ಸುತ್ತು ತಿರುಗಿದ.

"ಬಿಚ್ಚಿ! ಉಸಿರು ಕಟ್ತಾ ಇದೆ!"

"ಎಳೀಬೇಡ ಕಣೋ, ದಾರ ಕಿತ್ತೋಗ್ತೈತೆ!"

"ದಾರದ ಚಿಂತೆ ನಿನಗೆ, ಮಗನ ಚಿಂತೆ ಇಲ್ಲ!"

ಗೋಪಾಲಮ್ಮ ನಗು ತಡೆಯಲಾರದೆ ಎಮ್ಮೆ ಕೊಟ್ಟಿಗೆಗೆ ಓಡಿದಳು. ಅತ್ತೆ ಒಂದು ಕಡೆ, ಮಾವ ಒಂದು ಕಡೆ ಹಿಡಿದು ಅವನನ್ನು ಹೊರತೆಗೆದರು. ಚನ್ನಕೇಶವ ಕೂದಲು ಕೆದರಿಕೊಂಡು ನಿಂತು, ತನ್ನ ಸ್ಟೀಲಿನ ಅಳತೆಪಟ್ಟಿ ತಂದು ಮೊದಲು ಸ್ವೆಟರನ್ನು, ಆಮೇಲೆ ಅಮ್ಮನ ಗೇಣನ್ನು ಅಳೆದ. ಗೇಣು ಏಳಿಂಚೂ ಇರಲಿಲ್ಲ.

"ನಿನ್ನ ಕೈ ಇಷ್ಟು ಚಿಕ್ದಾ?" ಎಂದರು ಮುನಿನಾರಾಯಣಪ್ಪ.

"ಮದ್ವೆಯಾಗಿ ಇಷ್ಟು ವರ್ಸಕ್ಕೆ ಈಗ ಕಾಣುಸ್ತಾ?"

"ಬಳೆ ನಾನು ತಂದಿರ್ಲಿಲ್ವಾ? ಎಲ್ಲಾ ದೊಡ್ಡವಾಗ್ತಿದ್ವಲ್ಲ, ಬಳೆಗಾರಂದೇ ತಪ್ಪು ಅಂದ್ಕೊಂಡಿದ್ದೆ."

ಪಟಾಲಮ್ಮ ಅರವತ್ತರ ಹತ್ತಿರದವಳು. ಆದರೂ ಸೆರಗು ಬಾಯಿಗೆ ಅಡ್ಡ ಹಿಡಿದಳು.

ಅಂದಿನಿಂದ ಅಳತೆ ಚನ್ನಕೇಶವನದಾಯಿತು. ಯಾರೂ ಅವನಿಗೆ ವಹಿಸಲಿಲ್ಲ. ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆದು, ಉಣ್ಣುವ ಮೊದಲು ಪಟ್ಟಿ ಹಿಡಿದು ಪಡಸಾಲೆಗೆ ಹೋಗುತ್ತಿದ್ದ. "ಫ್ಯಾಕ್ಟರಿಲಿ ಹೀಗೆ ಗೇಣು ಹಾಕಿದ್ರೆ ಮನೆಗೆ ಕಳಿಸ್ತಾರೆ," ಎನ್ನುತ್ತಿದ್ದ.

ಮೊದಲ ಸ್ವೆಟರ್ ಪೂರ್ತಿ ಬಿಚ್ಚಬೇಕಾಯಿತು. ಬಿಚ್ಚಿದ ಉಲ್ಲನ್ ಗುಂಗುರು ಹಿಡಿದಿರುತ್ತದೆ. ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಭಾರ ಕಟ್ಟಿ ಹಿತ್ತಲಲ್ಲಿ ಒಣಹಾಕಿದರು. ಅದು ಬೇಲಿಯಾಚೆಗೂ ಕಂಡಿತು. ಪಟಾಲಮ್ಮ ಒಪ್ಪಂದದಂತೆ ಹೇಳಿದಳು, "ನಮ್ ಗೋಪಾಲಿ ಸ್ವೆಟರ್ ಆಕ್ತಾವ್ಳೆ." ಊರು ಅವಳನ್ನು ಹೊಗಳಿತು. ಕೆರೆಯ ಹತ್ತಿರ ಬಟ್ಟೆ ಒಗೆಯುವಾಗ ಹೆಂಗಸರು ಅವಳಿಗೆ ಒಳ್ಳೆಯ ಕಲ್ಲು ಬಿಟ್ಟುಕೊಟ್ಟರು. ಅವಳು ಆ ಕಲ್ಲಿನ ಮೇಲೆ ಬಟ್ಟೆ ಬಡಿದು, ಯಾರ ಮುಖವನ್ನೂ ನೋಡದೆ ಬಂದಳು.

ರಾತ್ರಿ ಗಂಡನಿಗೆ ಹೇಳಿದಳು, "ನನಗೆ ಸರಿಬರ್ತಿಲ್ಲ ಇದು."

"ಅಪ್ಪಂಗೇ ಬೇಕಿಲ್ಲ ಹೆಸರು. ನಿನಗೇನು?"

"ನೀವು ಕೇಳಿದೀರಾ, ಬೇಕಾ ಅಂತ?"

ಅವನು ಮಗ್ಗುಲು ಬದಲಿಸಿದ.

ಡಿಸೆಂಬರ್ ಕೊನೆಯ ಹೊತ್ತಿಗೆ ಎರಡು ಮುಗಿದವು. ಚಳಿ ಜೋರಾಯಿತು. ಬೆಳಗಿನ ಹೊತ್ತು ಮುನಿನಾರಾಯಣಪ್ಪನವರ ಎಡಗೈ ಊದಿಕೊಂಡು ಬಿಗಿಯುತ್ತಿತ್ತು. ಪಟಾಲಮ್ಮ ಉಪ್ಪು ಹುರಿದು ಗಂಟು ಕಟ್ಟಿ ಶಾಖ ಕೊಡುತ್ತಿದ್ದಳು. ಬಿಸಿಲೇರಿದ ಮೇಲೆ ಬೆರಳು ಸಡಿಲವಾಗುತ್ತಿತ್ತು. ಎಲ್ಲ ಕುಣಿಕೆಯನ್ನೂ ಒಂದೇ ತೋರುಬೆರಳಿನಿಂದ ತಳ್ಳಿ ತಳ್ಳಿ ಅದರ ತುದಿ ಒಡೆದು ರಕ್ತ ಬಂತು. ಬಟ್ಟೆ ಸುತ್ತಿದರೆ ಕುಣಿಕೆ ತಿಳಿಯುವುದಿಲ್ಲ ಎಂದು ಅವರು ಬಟ್ಟೆ ಕಿತ್ತೆಸೆದರು. ಉಲ್ಲನ್ನಿಗೆ ಕಲೆಯಾದೀತೆಂದು ಎರಡು ದಿನ ಬಿಟ್ಟರು. ಮೂರನೆಯ ದಿನ ಮತ್ತೆ ಕೂತರು.

ಗೋಪಾಲಮ್ಮ ಬಾಗಿಲಲ್ಲಿ ನಿಂತು ನೇರವಾಗಿಯೇ ಹೇಳಿದಳು, "ಮಾವ, ಮೂರೇ ಸಾಕು. ನಾನು ಹೇಗೋ ಹೇಳ್ಕೊಳ್ತೀನಿ."

ಅವರು ಹೆಂಡತಿಗೆ ಉತ್ತರ ಕೊಟ್ಟರು. "ನಾಲ್ಕು ಅಂತ ಒಪ್ಕೊಂಡವ್ಳೆ ಅಂತ ಏಳು."

"ಅಷ್ಟಾದ್ರೆ ನನಗೂ ಸ್ವಲ್ಪ ಹೇಳಿಕೊಡಿ ಅಂತ ಹೇಳಿ, ಅತ್ತೆಮ್ಮ."

"ಇಬ್ರೂ ನನ್ನ ಟಪಾಲಿನವ್ನ ಮಾಡ್ಕೊಂಡಿದ್ದೀರಿ," ಎಂದಳು ಪಟಾಲಮ್ಮ.

ಹೀಗೆ ಅತ್ತೆಯ ಬಾಯಿಂದ, ಮಾವನ ಕೈಯನ್ನು ದೂರದಿಂದ ನೋಡಿ, ಗೋಪಾಲಮ್ಮ ಸೀದಾ ಸಾಲು ಹಾಕುವುದನ್ನು ಕಲಿತಳು. ಬೆನ್ನಿನ ಭಾಗದಲ್ಲಿ ಕುಣಿಕೆ ಹೆಚ್ಚುಕಡಿಮೆ ಮಾಡಬೇಕಿಲ್ಲದ ಕಡೆ ಅವಳು ಹಾಕಿದಳು. ಕತ್ತು, ತೋಳು ಅವಳಿಂದಾಗಲಿಲ್ಲ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಮಂಡಳಿಗೆ ಒಪ್ಪಿಸಬೇಕಿತ್ತು. ಮೂರು ಸ್ವೆಟರ್ ಪೂರ್ತಿಯಾಗಿದ್ದವು. ನಾಲ್ಕನೆಯದಕ್ಕೆ ಒಂದೇ ತೋಳು ಇತ್ತು. "ಇನ್ನು ಮೂರು ದಿನ ಇದ್ದಿದ್ರೆ," ಎಂದು ಮುನಿನಾರಾಯಣಪ್ಪ ಕಂಬಕ್ಕೆ ಹೇಳಿದರು.

ಹೊರಡುವಾಗ ಚನ್ನಕೇಶವ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿದ. "ಅಪ್ಪನ ಹೆಸರು ಎತ್ತಬೇಡ."

ಮಂಡಳಿಯಲ್ಲಿ ಕಮಲಾಕ್ಷಮ್ಮ ಬಂದ ಸ್ವೆಟರುಗಳನ್ನು ಒಂದೊಂದಾಗಿ ಒಳಮೈ ತಿರುಗಿಸಿ ನೋಡುತ್ತಿದ್ದರು. ಕೆಲವಕ್ಕೆ ತೋಳು ಸೊಟ್ಟಗಿತ್ತು, ಕೆಲವಕ್ಕೆ ತೋಳೇ ಇರಲಿಲ್ಲ. ಪುಟ್ಟೇನಹಳ್ಳಿಯವು ಬಂದಾಗ ಅವರು ಕನ್ನಡಕ ಸರಿಮಾಡಿಕೊಂಡರು. ಭುಜದ ಹತ್ತಿರ ಎರಡೂ ಕಡೆ ಹಿಡಿದು ಎಳೆದು ನೋಡಿದರು. ಆಮೇಲೆ ಡಾಕ್ಟರ ಹೆಂಡತಿಯ ಮಡಿಲಿಗೆ ಹಾಕಿದರು.

"ನೋಡಿ. ಎಲ್ಲಾದರೂ ಒಂದು ಕುಣಿಕೆ ಸಡಿಲ ಇದ್ಯಾ ಹೇಳಿ."

ಡಾಕ್ಟರ ಹೆಂಡತಿ ನೋಡಿದರು. "ಚೆನ್ನಾಗಿದೆ," ಎಂದರು, ಕಷ್ಟದಿಂದ.

"ಗೋಪಾಲಮ್ಮ, ಬನ್ನಿ, ಇಲ್ಲಿ ಕೂತ್ಕೊಳ್ಳಿ. ನಾಲ್ಕನೆಯದರ ತೋಳು ಇನ್ನೂ ಏರಿಸಬೇಕಲ್ಲ, ಇಲ್ಲೇ ಶುರು ಮಾಡಿ. ಇವರೆಲ್ಲಾ ನೋಡಿ ಕಲೀಲಿ. ಎಲ್ಲರೂ ಕೆಡಿಸ್ತಿರೋದು ತೋಳನ್ನೇ."

ಯಾರೋ ಅವಳ ಕೈಗೆ ಕಡ್ಡಿ ಕೊಟ್ಟರು. ಹೆಂಗಸರು ಕುರ್ಚಿ ಸರಿಸಿಕೊಂಡು ಹತ್ತಿರವಾದರು. ತಲೆನೋವೆಂದು ಹೇಳಬಹುದಿತ್ತು. ಮಗು ಮನೆಯಲ್ಲಿ ಅಳುತ್ತದೆ ಎನ್ನಬಹುದಿತ್ತು. ಗೋಪಾಲಮ್ಮ ಕಡ್ಡಿಯನ್ನು ಮೇಜಿನ ಮೇಲಿಟ್ಟಳು.

"ನನಗೆ ಬರಲ್ಲ. ಇದು ನಾನು ಹಾಕಿದ್ದಲ್ಲ. ನಮ್ಮ ಮಾವ ಹಾಕಿದ್ದು."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ನಗು ಬಂತು.

"ಮಾವನಾ? ಮತ್ತೆ ಮನೆಯಲ್ಲಿ ಹೆಂಗಸರು ಏನು ಮಾಡ್ತೀರಿ?" ಎಂದರು ಡಾಕ್ಟರ ಹೆಂಡತಿ.

"ನಾನು ಅವರ ಕೆಲಸ ಮಾಡ್ತೀನಿ. ಎತ್ತಿಗೆ ಹುಲ್ಲು, ತೋಟಕ್ಕೆ ನೀರು. ಅವರಿಗೆ ಎಡಗೈಯಲ್ಲಿ ಎರಡು ಬೆರಳಿಲ್ಲ. ಚಳಿಗೆ ಕೈ ಊದುತ್ತೆ. ಬೆರಳು ಒಡೆದು ರಕ್ತ ಬಂದ್ರೂ ಮೂರು ಮುಗಿಸಿದ್ರು. ನಗೋರು ನಗಿ, ನನಗೇನೂ ಇಲ್ಲ. ಆದರೆ ಪುಟ್ಟೇನಹಳ್ಳಿಯವರು ಉಲ್ಲನ್ ದಂಡ ಮಾಡ್ಲಿಲ್ಲ."

ನಗು ನಿಂತಿತು. ಕಮಲಾಕ್ಷಮ್ಮ ಸ್ವೆಟರನ್ನು ಮತ್ತೊಮ್ಮೆ ಕೈಗೆತ್ತಿಕೊಂಡರು. "ಮುಂದಿನ ಲಾರಿ ಫೆಬ್ರವರಿಯಲ್ಲಿದೆ. ಇನ್ನೂ ಉಲ್ಲನ್ ಬರುತ್ತೆ," ಎಂದರು. "ಅವರು ನಮಗೆ ತೋಳು ಹೇಳಿಕೊಡ್ತಾರಾ?"

"ಇಲ್ಲಿಗೆ ಬರಲ್ಲ ಅವರು. ನೀವೇ ಬನ್ನಿ."

ಆ ರಾತ್ರಿ ಚನ್ನಕೇಶವ ಉಣ್ಣಲಿಲ್ಲ. "ಒಂದೇ ಒಂದು ಮಾತು ಹೇಳಿದ್ದೆ ನಿನಗೆ. ಒಂದೇ ಒಂದು."

"ಹೇಳಿದ್ರಿ. ಆಗ್ಲಿಲ್ಲ."

"ಈಗ ಜಟಕಾ ಮಾಡ್ಕೊಂಡು ಯಲಹಂಕದವ್ರು ಬರ್ತಾರೆ. ಊರೆಲ್ಲಾ ನಿಂತು ನೋಡುತ್ತೆ. ಅಪ್ಪನ ಗತಿ ಏನು?"

"ಅಪ್ಪಂದೋ, ನಿಂದೋ?" ಎಂದಳು ಪಟಾಲಮ್ಮ.

ಮುನಿನಾರಾಯಣಪ್ಪನವರ ಚಿಂತೆ ಬೇರೆಯಾಗಿತ್ತು. ಹೆಂಡತಿ ಹಾಸಿಗೆ ಹಾಸುವಾಗ ಮೆಲ್ಲಗೆ ಹೇಳಿದರು, "ಅವ್ರಿಗೆಲ್ಲಾ ಐದೈದು ಬೆಳ್ಳು ಇರ್ತವೆ. ನಂಗೆ ಬರೋದು ಮೂರು ಬೆಳ್ಳಿನ ಲೆಕ್ಕ. ಎಂಗೆ ಏಳಿಕೊಡ್ಲಿ?"

ಹಬ್ಬ ಕಳೆದ ಮರುವಾರ ಅವರು ಬಂದರು. ಜಟಕಾದಿಂದ ಕಮಲಾಕ್ಷಮ್ಮ ಇಳಿದರು, ಜೊತೆಗೆ ಇನ್ನೂ ಮೂವರು. ಡಾಕ್ಟರ ಹೆಂಡತಿ ಕೊನೆಯಲ್ಲಿ ಇಳಿದರು. ನಡುಮನೆ ತುಂಬ ಹೊಸ ರಾಗಿ ಚೀಲ, ಕೂರಲು ಜಾಗವಿಲ್ಲ. ಬೇರೆ ದಾರಿಯಿಲ್ಲದೆ ಪಟಾಲಮ್ಮ ಜಗಲಿಯಲ್ಲಿ ಚಾಪೆ ಹಾಸಿದಳು. ಬಂದವರು ಈ ಮನೆಯ ಕಾಫಿ ಮುಟ್ಟುವುದಿಲ್ಲವೆಂದು ಗೊತ್ತಿದ್ದರಿಂದ ಬಾಳೆಹಣ್ಣು, ದ್ರಾಕ್ಷಿ ಇಟ್ಟಳು. ಕಮಲಾಕ್ಷಮ್ಮ ಮಾತ್ರ, "ಕಾಫಿ ಇದ್ಯಾ?" ಎಂದು ಕೇಳಿ ಪಡೆದು ಕುಡಿದರು.

ಎದುರುಮನೆಯವರು ಬಾಗಿಲಿಗೆ ಬಂದರು. ಅರಳಿಕಟ್ಟೆಯಲ್ಲಿದ್ದ ಗಂಡಸರು ಎದ್ದು ಬೀದಿಗೆ ಬಂದು ನಿಂತರು. ಚನ್ನಕೇಶವನಿಗೆ ಅಂದು ವಾರದ ರಜೆ. ಅವನು ಒಳಗೆ ಕತ್ತಲೆಯಲ್ಲಿ ರಾಗಿ ಚೀಲದ ಮೇಲೆ ಕೂತಿದ್ದ.

ಮುನಿನಾರಾಯಣಪ್ಪ ಬಿದಿರು ಕಡ್ಡಿ ಕಂಕುಳಲ್ಲಿ ಸಿಗಿಸಿಕೊಂಡು ತೋಳಿನ ಸುತ್ತ ಕುಣಿಕೆ ಎತ್ತಿ ತೋರಿಸಿದರು. ಹೆಂಗಸರು ನೋಡಿ ತಾವೂ ಕಡ್ಡಿಯನ್ನು ಕಂಕುಳಿಗೆ ಸೇರಿಸಲು ಹೋದರು. ಅವರದು ಗಿಡ್ಡ ಕಡ್ಡಿ. ಸೆರಗಿಗೆ ಸಿಕ್ಕಿತು, ಜಾರಿತು, ಒಬ್ಬರ ಹೆಣಿಗೆಯೇ ಕಳಚಿ ಬಿತ್ತು. ಬೀದಿಯಲ್ಲಿ ಯಾರೋ ಕಿಸಕ್ಕೆಂದರು.

"ಅಂಗಲ್ಲ ತಾಯಿ," ಎಂದರು ಮುನಿನಾರಾಯಣಪ್ಪ. "ನೀವು ಕೈಯಾಗೆ ಇಡ್ಕೋಬೇಕು. ಕೊನೇ ಎರಡು ಬೆಳ್ಳು..." ಎಡಗೈ ಮುಂದೆ ಚಾಚಿದರು. ತೋರಿಸಬೇಕಾದ ಎರಡು ಬೆರಳೂ ಅಲ್ಲಿರಲಿಲ್ಲ. ಅವರು ಕೈಯನ್ನು ಹಾಗೇ ನೋಡುತ್ತ ಕೂತುಬಿಟ್ಟರು.

ಕಂಬದ ಹಿಂದೆ ನಿಂತಿದ್ದ ಗೋಪಾಲಮ್ಮ ಒಂದು ಹೆಜ್ಜೆ ಮುಂದೆ ಬಂದು ತನ್ನ ಎಡಗೈ ಚಾಚಿದಳು. ಅರ್ಧಕ್ಕೇ ನಿಂತಳು. ಮಾವ ಸೊಸೆಯ ಕೈ ಮುಟ್ಟುವ ಹಾಗಿಲ್ಲ. ಅವರೂ ಅದನ್ನು ಕಂಡು ತಲೆ ತಗ್ಗಿಸಿದರು.

ಬಾಗಿಲು ಕಿರುಗುಟ್ಟಿತು. ಚನ್ನಕೇಶವ ಹೊರಗೆ ಬಂದ. ಬೀದಿಯ ಕಡೆ ನೋಡದೆ ಅಪ್ಪನ ಎಡಕ್ಕೆ, ಚಾಪೆಯ ಅಂಚಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಫ್ಯಾಕ್ಟರಿಯ ಎಣ್ಣೆ ಉಗುರಿನ ಸಂದಿಯಲ್ಲಿ ಕಪ್ಪಗಿದ್ದ ತನ್ನ ಎಡಗೈಯನ್ನು ಅಪ್ಪನ ತೊಡೆಯ ಮೇಲಿಟ್ಟ.

"ಇದರಲ್ಲಿ ತೋರ್ಸಿ."

ಮುನಿನಾರಾಯಣಪ್ಪ ಮಗನ ಮುಖ ನೋಡಿದರು. ಅವನು ಕಡ್ಡಿಯನ್ನೇ ನೋಡುತ್ತಿದ್ದ. ಅವರು ಅವನ ಕೈ ತಿರುಗಿಸಿ, ಕಡ್ಡಿಯನ್ನು ಅಂಗೈಯಲ್ಲಿಟ್ಟು, ಉಂಗುರದ ಬೆರಳನ್ನೂ ಕಿರುಬೆರಳನ್ನೂ ಒಂದೊಂದಾಗಿ ಅದರ ಮೇಲೆ ಮಡಿಸಿದರು. ತಮಗೆಂದೂ ಬೇಕಾಗದಿದ್ದ ಪಾಠ ಅದು. ನಿಧಾನವಾಗಿ, ಯೋಚಿಸಿ ಹೇಳಿದರು.

"ಇವೆರಡು ಕಡ್ಡಿ ಇಡ್ಕೊತವೆ. ಎಬ್ಬೆಳ್ಳು, ತೋರ್‌ಬೆಳ್ಳು ಕುಣಿಕೆ ತಳ್ತವೆ. ನಡುಬೆಳ್ಳು ಸುಮ್ನಿರ್ತದೆ. ಕಾಣುಸ್ತಾ ತಾಯಿ?"

"ಕಾಣಿಸ್ತು," ಎಂದರು ಕಮಲಾಕ್ಷಮ್ಮ. ನಾಲ್ವರೂ ಬೆರಳು ಮಡಿಸಿದರು. ಡಾಕ್ಟರ ಹೆಂಡತಿ ಚಾಪೆಯ ಮೇಲೆಯೇ ಸರಿದು ಹತ್ತಿರ ಬಂದರು.

"ಏನ್ ಚನ್ನಣ್ಣ!" ಬೀದಿಯಿಂದ ಕೂಗು ಬಂತು. "ಫ್ಯಾಕ್ಟ್ರಿ ಬುಟ್ಟು ಸ್ವೆಟರ್‌ಗೆ ಸೇರ್ಕೊಂಡಾ?"

"ಹೂಂ ಕಣೋ," ಎಂದ ಚನ್ನಕೇಶವ, ತಲೆಯೆತ್ತದೆ. "ಸ್ವಲ್ಪ ಆ ಕಡೆ ನಿಂತ್ಕೊ. ಬೆಳಕಿಗೆ ಅಡ್ಡ ಆಗ್ತೀಯ."

ಕೂಗಿದವನು ಪಕ್ಕಕ್ಕೆ ಸರಿದ. ಬಿಸಿಲು ಚಾಪೆಯ ಮೇಲೆ ಬಿತ್ತು. ಚನ್ನಕೇಶವ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿದು ಮೊದಲ ಕುಣಿಕೆ ತಳ್ಳಿದ. ಎರಡನೆಯದು ಕಡ್ಡಿಯಿಂದ ಜಾರಿತು.

"ಬಿಗಿ ಮಾಡ್ಬೇಡ ಮಗ," ಎಂದು ಮುನಿನಾರಾಯಣಪ್ಪ ಅವನ ಮಣಿಕಟ್ಟು ಸಡಿಲಿಸಿದರು. "ಅದು ಎಲ್ಲೂ ಓಗಲ್ಲ. ಮೆಲ್ಲಗೆ ಆಕು."